ಸುಗ್ಗಿಯ ವರ್ಷದಲ್ಲೇ ಬಂಡವಾಳ ಕಟ್ಟಿಸಿ: ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಗವರ್ನರ್ ಅವರು,
ಭಾರತೀಯ ರಿಸರ್ವ್ ಬ್ಯಾಂಕ್,
ಮುಂಬೈ.

ವಿಷಯ: ಪಟ್ಟಣ ಸಹಕಾರ ಬ್ಯಾಂಕುಗಳ ಷೇರು ಬಂಡವಾಳದ ಗುಣಮಟ್ಟ ಹಾಗೂ ಏರುಗಾಲದಲ್ಲಿ, ಎಂದರೆ ಸಾಲವೂ ಲಾಭವೂ ಬೆಳೆಯುವ ವರ್ಷಗಳಲ್ಲಿ, ಬಂಡವಾಳ ಮೀಸಲು ಕಟ್ಟಿಸುವ ಕುರಿತು.

ಮಾನ್ಯರೇ,

ನಾನು ಮಲೆನಾಡಿನ ಒಂದು ಊರಿನಲ್ಲಿ ವಾಸವಾಗಿರುವ ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ. ಮೂರು ದಶಕ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಹಣ ಮತ್ತು ಬ್ಯಾಂಕಿಂಗ್ ಪಾಠ ಹೇಳಿದ್ದೇನೆ. ಅದಕ್ಕಿಂತ ಹೆಚ್ಚು ಕಾಲ ನಮ್ಮೂರಿನ ಪಟ್ಟಣ ಸಹಕಾರ ಬ್ಯಾಂಕೊಂದರ ಸದಸ್ಯನಾಗಿದ್ದೆ. ಆ ಬ್ಯಾಂಕಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ತಪ್ಪು ಮಾಡಿದವರ ವಿಚಾರಣೆಗೆ ಬೇರೆ ಜಾಗವಿದೆ, ಮತ್ತು ನಾನು ತಮ್ಮ ಮುಂದಿಡಬೇಕೆಂದಿರುವ ಮಾತು ಒಂದು ಬ್ಯಾಂಕಿಗೆ ಸೀಮಿತವಾದದ್ದಲ್ಲ. ಒಂದು ಬ್ಯಾಂಕಿನ ಬಂಡವಾಳ ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ, ಬೇಕಾದ ಹೊತ್ತಿಗೆ ಉಳಿದಿರುತ್ತದೆಯೇ ಎಂಬುದನ್ನು ನಿಯಮ ರೂಪಿಸುವವರು ನಮ್ಮಂಥ ಊರುಗಳ ಕಡೆಯಿಂದಲೂ ಒಮ್ಮೆ ನೋಡಬೇಕೆಂಬುದೇ ಈ ಪತ್ರದ ಉದ್ದೇಶ.

ಆ ದಿನ ಬೆಳಿಗ್ಗೆ ನಾನು ಹಾಲು ತರಲು ಹೊರಟವನು ಬ್ಯಾಂಕಿನ ಮುಂದೆ ಜನ ಸೇರಿದ್ದನ್ನು ಕಂಡು ನಿಂತೆ. ಅರ್ಧ ಎಳೆದ ಷಟರ್ ಮೇಲೆ ಎರಡು ಹಾಳೆ ಅಂಟಿಸಿದ್ದರು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಕಲಮಿನಡಿ ನಿರ್ಬಂಧ ವಿಧಿಸಲಾಗಿದೆ, ಹೊಸ ಸಾಲ ಕೊಡುವಂತಿಲ್ಲ, ಹೊಸ ಠೇವಣಿ ಪಡೆಯುವಂತಿಲ್ಲ, ಖಾತೆಯಿಂದ ಇಷ್ಟಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂಬ ಇಂಗ್ಲಿಷ್ ಒಕ್ಕಣೆ. ಮೇಷ್ಟ್ರು ಬಂದರು ಎಂದು ಜನ ದಾರಿ ಬಿಟ್ಟರು. ಒಂದೊಂದೇ ಸಾಲನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಬೀದಿಯ ನಿವೃತ್ತ ನರ್ಸ್ ಒಬ್ಬರು ಠೇವಣಿ ರಸೀದಿಗಳನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ನಿಂತಿದ್ದರು. ಅವರದು ಒಟ್ಟು 11 ಲಕ್ಷ ರೂಪಾಯಿ, ನಿವೃತ್ತಿಯಾದಾಗ ಬಂದ ಅಷ್ಟೂ ಹಣ. "ಸರ್, ಹೋದ ಮಹಾಸಭೆಯಲ್ಲಿ ಬ್ಯಾಂಕು ಲಾಭದಲ್ಲಿದೆ ಅಂತ ಪುಸ್ತಕ ಕೊಟ್ಟಿದ್ದರಲ್ಲ?" ಎಂದು ಕೇಳಿದರು. ಕೊಟ್ಟಿದ್ದರು, ನಿಜ. ಆ ವಾರ್ಷಿಕ ವರದಿಯಲ್ಲಿ ಬಂಡವಾಳ ಪರ್ಯಾಪ್ತತಾ ಪ್ರಮಾಣ (ಕೊಟ್ಟ ಸಾಲಗಳ ಅಪಾಯಕ್ಕೆ ಎದುರಾಗಿ ಬ್ಯಾಂಕಿನ ಸ್ವಂತ ಬಂಡವಾಳ ನೂರಕ್ಕೆ ಎಷ್ಟಿದೆ ಎಂಬ ಲೆಕ್ಕ) ನಿಗದಿತ ಮಟ್ಟಕ್ಕಿಂತ ಮೇಲಿದೆ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆ ಅಂಕಿಯನ್ನು ನಾನೂ ನಂಬಿದ್ದೆ.

2021ರ ಠೇವಣಿ ವಿಮಾ ತಿದ್ದುಪಡಿಯಿಂದಾಗಿ 5 ಲಕ್ಷದವರೆಗಿನ ಹಣ 90 ದಿನಗಳ ಅವಧಿಯಲ್ಲಿ ಅವರ ಕೈಸೇರಿತು. ಇದಕ್ಕಾಗಿ ನಮ್ಮ ಬೀದಿಯ ಎಷ್ಟೋ ಮನೆಗಳು ಕೃತಜ್ಞವಾಗಿವೆ. 2020ರ ಫೆಬ್ರವರಿಗೆ ಮೊದಲಾಗಿದ್ದರೆ ವಿಮೆಯ ಮಿತಿ 1 ಲಕ್ಷವಷ್ಟೇ. ಆದರೆ ಅವರ ಉಳಿದ 6 ಲಕ್ಷ ಇಂದಿಗೂ ಕಾಗದದ ಮೇಲಿದೆ.

ಇನ್ನು ನನ್ನ ಕಥೆ. ನಾನು ಮನೆ ಅಡಮಾನವಿಟ್ಟು ಅದೇ ಬ್ಯಾಂಕಿನಲ್ಲಿ 8 ಲಕ್ಷ ರೂಪಾಯಿ ಸಾಲ ಪಡೆದಿದ್ದೆ. ಕೈಗೆ ಬಂದದ್ದು 7 ಲಕ್ಷದ 80 ಸಾವಿರ. ಉಳಿದ 20 ಸಾವಿರಕ್ಕೆ ಬ್ಯಾಂಕಿನ ಮುದ್ರೆಯಿದ್ದ ಷೇರು ಸರ್ಟಿಫಿಕೇಟ್ ಕೊಟ್ಟರು. ಸಹಕಾರ ಬ್ಯಾಂಕಿನಲ್ಲಿ ಸಾಲ ಮಾಡಿದ ಎಲ್ಲರಿಗೂ ಇದು ಗೊತ್ತು: ಭದ್ರತೆಯಿರುವ ಸಾಲಕ್ಕೆ ನೂರಕ್ಕೆ ಎರಡೂವರೆ, ಭದ್ರತೆಯಿಲ್ಲದ್ದಕ್ಕೆ ನೂರಕ್ಕೆ ಐದು ಷೇರು ಕೊಳ್ಳಬೇಕೆಂಬುದು ತಮ್ಮ ಷೇರು ಜೋಡಣೆಯ ನಿಯಮ. ಬಂಡವಾಳ ಸಾಕಷ್ಟಿರುವ ಬ್ಯಾಂಕುಗಳಿಗೆ ಇದನ್ನು ಈಗ ಐಚ್ಛಿಕಗೊಳಿಸಲಾಗಿದ್ದರೂ ಊರೂರುಗಳಲ್ಲಿ ಪದ್ಧತಿ ಮುಂದುವರಿದೇ ಇದೆ. ನಾನು ಕೊನೆಯ ಕಂತು ಕಟ್ಟಿ, ಅಡಮಾನ ಬಿಡಿಸಿಕೊಂಡು, ಷೇರು ಹಣ ವಾಪಸ್ ಕೋರಿ ಅರ್ಜಿ ಕೊಟ್ಟೆ. ಬ್ಯಾಂಕಿನ ಬಂಡವಾಳ ಪ್ರಮಾಣ ಶೇ 9ಕ್ಕಿಂತ ಕೆಳಗೆ ಬಂದಿರುವುದರಿಂದ ಮರುಪಾವತಿ ಸಾಧ್ಯವಿಲ್ಲ ಎಂದು ಮ್ಯಾನೇಜರ್ ಮೌಖಿಕವಾಗಿ ತಿಳಿಸಿದರು. ಮಹಾಸಭೆಯ ಪುಸ್ತಕದ ಅಂಕಿಗೂ ತಪಾಸಣೆಯಲ್ಲಿ ಕಂಡ ಅಂಕಿಗೂ ಅಜಗಜಾಂತರ ಎಂದು ನನಗೆ ತಿಳಿದದ್ದು ಆಗಲೇ, ಅದೂ ಷಟರ್ ಮೇಲೆ ಕಾಗದ ಬೀಳುವ ಕೆಲವೇ ವಾರಗಳ ಮುಂಚೆ.

ಶೇ 9ರ ಕೆಳಗಿರುವ ಬ್ಯಾಂಕು ಷೇರು ಹಣ ಹಿಂತಿರುಗಿಸಬಾರದೆಂಬ ನಿಯಮ ಸರಿಯಾದದ್ದೇ. ನನ್ನ 20 ಸಾವಿರಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಸದಸ್ಯನೆಂದರೆ ಮಾಲೀಕ, ಮಾಲೀಕನ ಹಣ ನಷ್ಟಕ್ಕೆ ಮೊದಲು ನಿಲ್ಲಬೇಕು. ನಲವತ್ತು ವರ್ಷದ ಹಿಂದೆಯೇ ನಾನಿದನ್ನು ಒಪ್ಪಿ ಸಹಿ ಹಾಕಿದ್ದೇನೆ. ನನ್ನ ಆಕ್ಷೇಪವಿರುವುದು ಈ ಷೇರು ಹಣವನ್ನು ಗಟ್ಟಿ ಬಂಡವಾಳವೆಂದು ಎಣಿಸುವ ರೀತಿಗೆ.

ಸಾಲದಿಂದಲೇ ಮುರಿದುಕೊಂಡ ಷೇರು ಹಣ ಬ್ಯಾಂಕಿಗೆ ಹೊರಗಿನಿಂದ ಬಂದ ಹಣವಲ್ಲ. ಅದು ಬ್ಯಾಂಕೇ ಕೊಟ್ಟ ಸಾಲದ ಒಂದು ತುಂಡು. ಠೇವಣಿದಾರರ ಹಣದಿಂದ ಸಾಲ ಕೊಟ್ಟು, ಅದರಲ್ಲೇ ಒಂದು ಭಾಗವನ್ನು ಹಿಂದಕ್ಕೆ ಪಡೆದು, ಅದನ್ನು ಠೇವಣಿದಾರರ ರಕ್ಷಣೆಯ ಬಂಡವಾಳವೆಂದು ಬರೆದುಕೊಂಡಂತಾಗುತ್ತದೆ. ಸಾಲ ಹೆಚ್ಚು ಕೊಟ್ಟಷ್ಟೂ ಷೇರು ಬಂಡವಾಳ ಬೆಳೆಯುತ್ತದೆ, ಹೀಗೆ ಬೆಳೆದ ಬಂಡವಾಳವನ್ನು ತೋರಿಸಿ ಮತ್ತಷ್ಟು ಸಾಲ ಕೊಡಬಹುದು. ಏರುಗಾಲದಲ್ಲಿ ಇದು ಬಹಳ ಸೊಗಸಾಗಿ ಕಾಣುತ್ತದೆ. ಇಳಿಗಾಲದಲ್ಲಿ ನಡೆಯುವುದು ಬೇರೆ. ಸಾಲವನ್ನು ಸರಿಯಾಗಿ ತೀರಿಸಿದವನು ತನ್ನ ಷೇರು ಹಣ ಪಡೆದು ಹೊರಡುತ್ತಾನೆ, ಬ್ಯಾಂಕಿನ ಪ್ರಮಾಣ ಶೇ 9ಕ್ಕೆ ಮುಟ್ಟುವವರೆಗೂ ಹೊರಡಬಹುದು. ಉಳಿಯುವವನು ಸುಸ್ತಿದಾರ. ಅವನ ಷೇರು ಲೆಕ್ಕದಲ್ಲೇನೋ ಇರುತ್ತದೆ, ಆದರೆ ಅವನು ಕೊಡಬೇಕಾದ ಬಾಕಿಗೆ ಅದನ್ನು ಹೊಂದಿಸಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಳ್ಳೆಯ ಸಾಲದ ಜೊತೆ ಒಳ್ಳೆಯ ಬಂಡವಾಳ ಹೊರಟುಹೋಗಿ, ಕೆಟ್ಟ ಸಾಲದ ಜೊತೆ ಕೆಟ್ಟ ಬಂಡವಾಳ ಉಳಿಯುವ ಈ ಏರ್ಪಾಟನ್ನು ನಾನು ತರಗತಿಯಲ್ಲಿ ಎಂದೂ ಹೇಳಿಕೊಟ್ಟಿರಲಿಲ್ಲ, ಏಕೆಂದರೆ ನನಗೇ ಹೊಳೆದಿರಲಿಲ್ಲ. ಬ್ಯಾಂಕು ಬಿದ್ದ ಮೇಲೆ ಸದಸ್ಯರ ಪಟ್ಟಿ ಹಿಡಿದು ಕುಳಿತಾಗ ಕಣ್ಣಿಗೆ ಬಿತ್ತು.

ನಮ್ಮ ಬ್ಯಾಂಕಿನ ಸಾಲಗಾರರಾದರೂ ಯಾರು? ಬಡಾವಣೆ ಮಾಡಿ ಸೈಟು ಮಾರುವವರು, ಅವರಿಗೆ ಜಲ್ಲಿ ಮರಳು ಸಾಗಿಸುವ ಲಾರಿ ಮಾಲೀಕರು, ಸಿಮೆಂಟು ಕಬ್ಬಿಣದ ಅಂಗಡಿಯವರು, ಅಡಿಕೆ ಮಂಡಿಯ ವರ್ತಕರು, ಅವರಿಂದ ಮುಂಗಡ ಪಡೆದ ಬೆಳೆಗಾರರು. ಪುಸ್ತಕದಲ್ಲಿ ಇವು ನೂರಾರು ಬೇರೆ ಬೇರೆ ಸಾಲಗಳು. ಒಬ್ಬ ಸಾಲಗಾರನಿಗೆ ಮೂಲ ಬಂಡವಾಳದ ಶೇ 15, ಒಂದು ಗುಂಪಿಗೆ ಶೇ 25 ಮೀರಬಾರದೆಂಬ ತಮ್ಮ ಮಿತಿಯ ಕಣ್ಣಿಗೆ ಇವರೆಲ್ಲ ಬೇರೆ ಬೇರೆ ಜನರೇ. ಆದರೆ ಬಡಾವಣೆಯ ಭೂಪರಿವರ್ತನೆ ನಿಂತು ಸೈಟು ಮಾರಾಟವಾಗದೆ ಹೋದ ವರ್ಷ ಲಾರಿಯ ಕಂತೂ ನಿಂತಿತು, ಕಬ್ಬಿಣದ ಅಂಗಡಿಯ ಕಂತೂ ನಿಂತಿತು, ಆ ಸೈಟುಗಳ ಮೇಲೆ ಹಣ ಹೂಡಿದ್ದ ಮಂಡಿ ವರ್ತಕನ ಕಂತೂ ನಿಂತಿತು. ಕೊನೆಗೆ ಅಡಮಾನವಿದ್ದ ಆಸ್ತಿಯನ್ನು ಹರಾಜಿಗಿಟ್ಟರೆ ಕೊಳ್ಳುವವರೂ ಅದೇ ಊರಿನವರು, ಅವರ ಕೈಯೂ ಖಾಲಿ. ಒಂದೊಂದು ಸಂಸ್ಥೆಯನ್ನು ಬಿಡಿಯಾಗಿ ನೋಡಿದರೆ ಕಾಣದ ಅಪಾಯ ಎಲ್ಲವನ್ನೂ ಕೂಡಿಸಿ ನೋಡಿದಾಗ ಕಾಣುತ್ತದೆ ಎಂಬುದೇ ಮ್ಯಾಕ್ರೊಪ್ರುಡೆನ್ಶಿಯಲ್ ಎಂದು ಕರೆಯುವ ನೀತಿಯ ಮೂಲ ತಿಳಿವಳಿಕೆಯಲ್ಲವೇ? ಅದು ದೇಶಕ್ಕೆ ಎಷ್ಟು ನಿಜವೋ ಒಂದು ತಾಲ್ಲೂಕಿಗೂ ಅಷ್ಟೇ ನಿಜ.

ಹೀಗಿರುವಾಗ ಪಟ್ಟಣ ಸಹಕಾರ ಬ್ಯಾಂಕುಗಳನ್ನು ಮುಖ್ಯವಾಗಿ ಠೇವಣಿಯ ಗಾತ್ರದ ಮೇಲೆ ವಿಂಗಡಿಸುವ 2022ರ ಡಿಸೆಂಬರ್ 1ರ ನಾಲ್ಕು ಶ್ರೇಣಿಗಳ ಚೌಕಟ್ಟನ್ನು ಓದಿ ನನಗೆ ಸಮಾಧಾನವೂ ಆಯಿತು, ಕಳವಳವೂ ಆಯಿತು. ಎರಡರಿಂದ ನಾಲ್ಕನೇ ಶ್ರೇಣಿಯ ಬ್ಯಾಂಕುಗಳು ಹಂತಹಂತವಾಗಿ 2026ರ ಮಾರ್ಚ್ 31ರೊಳಗೆ ಶೇ 12 ಬಂಡವಾಳ ಹೊಂದಿಸಬೇಕೆಂದಿರಿ, ಒಳ್ಳೆಯದಾಯಿತು. ಆದರೆ ಮುಖ್ಯವಾಗಿ 100 ಕೋಟಿವರೆಗಿನ ಠೇವಣಿಯುಳ್ಳ ಬ್ಯಾಂಕುಗಳ ಮೊದಲ ಶ್ರೇಣಿಗೆ ಶೇ 9 ಸಾಕೆಂದಿರಿ. ಅದರಲ್ಲೂ ಒಂದೇ ಜಿಲ್ಲೆಯಲ್ಲಿ ವ್ಯವಹರಿಸುವವಕ್ಕೆ 2 ಕೋಟಿ ನಿವ್ವಳ ಮೌಲ್ಯ ಸಾಕೆಂದಿರಿ. ಚಿಕ್ಕ ಬ್ಯಾಂಕು ಬಿದ್ದರೆ ದೇಶ ನಡುಗುವುದಿಲ್ಲ ಎಂಬ ಲೆಕ್ಕ ಇದರ ಹಿಂದಿರಬಹುದು. ಆದರೆ ಒಂದೇ ಜಿಲ್ಲೆ, ಒಂದೇ ಬೆಳೆ, ಒಂದೇ ಬಡಾವಣೆಯನ್ನು ನೆಚ್ಚಿಕೊಂಡ ಬ್ಯಾಂಕು ಹತ್ತು ಜಿಲ್ಲೆಗಳಲ್ಲಿ ಹರಡಿಕೊಂಡ ಬ್ಯಾಂಕಿಗಿಂತ ಬೇಗ ಬೀಳುತ್ತದೆ, ಮತ್ತು ಅದು ಬಿದ್ದಾಗ ಆ ಊರಂತೂ ನಡುಗುತ್ತದೆ. ನಮ್ಮದು ಇಂದಿನ ಲೆಕ್ಕದಲ್ಲಿ ಮೊದಲ ಶ್ರೇಣಿಗೆ ಸೇರುತ್ತಿದ್ದ ಬ್ಯಾಂಕು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ, ದುರ್ಬಲವಾಗುತ್ತಿರುವ ಬ್ಯಾಂಕುಗಳನ್ನು ಬೇಗನೆ ಸರಿಪಡಿಸಲು ಕ್ರಮ ಕೈಗೊಳ್ಳುವ ಪಿಸಿಎ ಚೌಕಟ್ಟಿನಿಂದಲೂ ಮೊದಲ ಶ್ರೇಣಿಯನ್ನು ಹೊರಗಿಡಲಾಗಿದೆ.

ಮುನ್ನೆಚ್ಚರಿಕೆಯ ಈ ವಿದ್ಯೆ ತಮ್ಮ ಸಂಸ್ಥೆಗೆ ಹೊಸತಲ್ಲ ಎಂಬುದನ್ನು ಗೌರವದಿಂದ ನೆನೆಯುತ್ತೇನೆ. ವೈ.ವಿ. ರೆಡ್ಡಿಯವರು ಗವರ್ನರ್ ಆಗಿದ್ದಾಗ, 2004ರ ಡಿಸೆಂಬರ್‌ನಲ್ಲಿ ಗೃಹಸಾಲದ ರಿಸ್ಕ್ ವೇಟನ್ನು (ಬಂಡವಾಳದ ಲೆಕ್ಕಕ್ಕೆ ಸಾಲವನ್ನು ಎಷ್ಟು ತೂಕದಲ್ಲಿ ಎಣಿಸಬೇಕೆಂಬ ಪ್ರಮಾಣ; ತೂಕ ಹೆಚ್ಚಿದಷ್ಟೂ ಹೆಚ್ಚು ಬಂಡವಾಳ ಬೇಕು) ಶೇ 50ರಿಂದ 75ಕ್ಕೂ ಗ್ರಾಹಕ ಸಾಲದ್ದನ್ನು 100ರಿಂದ 125ಕ್ಕೂ ಏರಿಸಲಾಯಿತು. ವಾಣಿಜ್ಯ ರಿಯಲ್ ಎಸ್ಟೇಟ್ ಸಾಲದ್ದು 2005ರಲ್ಲಿ 125ಕ್ಕೆ, 2006ರಲ್ಲಿ 150ಕ್ಕೆ ಹೋಯಿತು. ಅಂದು ಬೆಲೆಗಳು ಏರುತ್ತಿದ್ದವು, ಬ್ಯಾಂಕುಗಳು ಲಾಭದಲ್ಲಿದ್ದವು, ಬಿಗಿ ಮಾಡಿದ್ದು ಆ ಹೊತ್ತಿನಲ್ಲಿ. 2008ರಲ್ಲಿ ಜಗತ್ತಿನ ಬ್ಯಾಂಕುಗಳು ಕುಸಿದಾಗ ಅದೇ ತೂಕಗಳನ್ನು ಇಳಿಸಿ ಸಾಲದ ಹರಿವು ನಿಲ್ಲದಂತೆ ನೋಡಿಕೊಳ್ಳಲು ಸಾಧ್ಯವಾಯಿತು. ಬ್ಯಾಂಕುಗಳಿಗೆ ಜಾಗತಿಕ ಬಂಡವಾಳ ಮಾನದಂಡ ರೂಪಿಸುವ ಬಾಸೆಲ್ ಸಮಿತಿ ಏರುಗಾಲದ ಬಂಡವಾಳ ಮೀಸಲನ್ನು ತನ್ನ ಮೂರನೇ ಒಪ್ಪಂದದಲ್ಲಿ ಬರೆದದ್ದು 2010ರಲ್ಲಿ. ನಾವು ಆ ಕೆಲಸವನ್ನು ಅದಕ್ಕೆ ಮುಂಚೆಯೇ ಮಾಡಿ ತೋರಿಸಿದ್ದೆವು.

ಆಮೇಲೆ ಆ ಹುರುಪು ಎಲ್ಲಿ ಹೋಯಿತು? 2015ರ ಫೆಬ್ರವರಿ 5ರಂದು ತಾವು ಏರುಗಾಲದ ಮೀಸಲಿನ ಚೌಕಟ್ಟನ್ನು ಪ್ರಕಟಿಸಿದಿರಿ. ಸಾಲ ಮತ್ತು ಜಿಡಿಪಿಯ ಅನುಪಾತ ತನ್ನ ದೀರ್ಘಕಾಲದ ಜಾಡಿನಿಂದ 3 ಅಂಶ ಮೇಲೆ ಹೋದಾಗ ಮೀಸಲು ಶುರುವಾಗಿ, 15 ಅಂಶ ಮುಟ್ಟುವ ಹೊತ್ತಿಗೆ ಶೇ 2.5 ಆಗುವ ಏರ್ಪಾಟು ಅದು. ಹತ್ತು ವರ್ಷ ಕಳೆದರೂ ಅದನ್ನು ಒಮ್ಮೆಯೂ ಜಾರಿ ಮಾಡಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಬ್ಯಾಂಕ್ ಆಫ್ ಇಂಗ್ಲೆಂಡ್ ತಾನು ಕಟ್ಟಿಸಿದ್ದ ಶೇ 1ರ ಮೀಸಲನ್ನು ಸೊನ್ನೆಗಿಳಿಸಿ ತನ್ನ ಬ್ಯಾಂಕುಗಳಿಗೆ ಉಸಿರಾಡಲು ಅವಕಾಶ ಕೊಟ್ಟಿತು. ಸಡಿಲಿಸಲು ನಮ್ಮ ಬಳಿ ಅಂಥ ಮೀಸಲು ಇರಲಿಲ್ಲ. ಹೀಗಾಗಿ ಎಂದೋ ಕಟ್ಟಿ ಮುಗಿಸಬೇಕಿದ್ದ ಸಂರಕ್ಷಣಾ ಮೀಸಲಿನ (ಕನಿಷ್ಠ ಬಂಡವಾಳದ ಮೇಲೆ ಇಟ್ಟುಕೊಳ್ಳಬೇಕಾದ ಹೆಚ್ಚುವರಿ ಬಂಡವಾಳದ) ಕೊನೆಯ ಕಂತು ಶೇ 0.625ನ್ನೇ ಮತ್ತೆ ಮತ್ತೆ ಮುಂದೂಡಿ 2021ರ ಅಕ್ಟೋಬರ್‌ಗೆ ತಂದಿರಿ. ನಮ್ಮ ಕಡೆ ಮಳೆಗಾಲದ ಸೌದೆಯನ್ನು ಬೇಸಿಗೆಯಲ್ಲೇ ಕೊಟ್ಟಿಗೆಗೆ ಸೇರಿಸುತ್ತಾರೆ. ಆಷಾಢದಲ್ಲಿ ಕಾಡಿಗೆ ಹೋದವನಿಗೆ ಸಿಗುವುದು ಹಸಿ ಕಟ್ಟಿಗೆ.

2023ರ ನವೆಂಬರ್ 16ರಂದು ಭದ್ರತೆಯಿಲ್ಲದ ವೈಯಕ್ತಿಕ ಸಾಲದ ರಿಸ್ಕ್ ವೇಟನ್ನು 100ರಿಂದ 125ಕ್ಕೆ, ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿಯದನ್ನು 125ರಿಂದ 150ಕ್ಕೆ ಏರಿಸಿದ್ದು ಹಳೆಯ ಹುರುಪು ಮರಳಿದ ಗುರುತೆಂದು ನಾನು ಸಂತೋಷಪಟ್ಟೆ. ಆ ಸಾಲಗಳ ಬೆಳವಣಿಗೆ ಮುಂದಿನ ವರ್ಷ ನಿಧಾನವಾದದ್ದನ್ನೂ ನೋಡಿದೆವು. ಉಪಕರಣ ಕೆಲಸ ಮಾಡುತ್ತದೆ, ಹಿಡಿಯುವ ಕೈ ಬೇಕು. ಆದರೆ ಪಟ್ಟಣ ಸಹಕಾರ ಬ್ಯಾಂಕುಗಳು ಇಂದಿಗೂ 1988ರ ಮೊದಲ ಬಾಸೆಲ್ ಒಪ್ಪಂದದ ಮಾದರಿಯಲ್ಲೇ ಬಂಡವಾಳ ಲೆಕ್ಕ ಹಾಕುತ್ತಿವೆ. ಸಂರಕ್ಷಣಾ ಮೀಸಲಾಗಲಿ ಏರುಗಾಲದ ಮೀಸಲಾಗಲಿ ಅವುಗಳಿಗೆ ಅನ್ವಯಿಸುವುದಿಲ್ಲ.

ಬಂಡವಾಳ ಕಡಿಮೆಯಾದಾಗ ಯಾರು ತುಂಬುತ್ತಾರೆ ಎಂಬ ಪ್ರಶ್ನೆಯನ್ನೂ ಇಲ್ಲಿ ಕೇಳಲೇಬೇಕಾಗಿದೆ. ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ 2016–17ರಿಂದ 2020–21ರವರೆಗಿನ ಐದು ವರ್ಷಗಳಲ್ಲಿ ಕೇಂದ್ರ ಸರ್ಕಾರ ಸುಮಾರು 3.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬಿತು, ಅದರ ಬಹುಭಾಗ ಬಾಂಡುಗಳ ಮೂಲಕ. ತುಂಬಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ತುಂಬದಿದ್ದರೆ ಆಗುತ್ತಿದ್ದ ಅನಾಹುತವನ್ನು ಬಲ್ಲೆ. ಸಹಕಾರ ಬ್ಯಾಂಕಿಗೆ ಅಂಥ ಬೆನ್ನಿಲ್ಲ. ಅಲ್ಲಿ ಕೊರತೆಯನ್ನು ಮೊದಲು ಸದಸ್ಯ ತುಂಬುತ್ತಾನೆ, ಆಮೇಲೆ 5 ಲಕ್ಷ ಮೀರಿದ ಠೇವಣಿ ಇಟ್ಟವರು ತುಂಬುತ್ತಾರೆ. ಹಿಂದಿನಿಂದ ಯಾರೂ ತುಂಬದ ಕಡೆ ಮುಂಚಿತವಾಗಿ ಕಟ್ಟಿಸುವ ಜವಾಬ್ದಾರಿ ಹೆಚ್ಚಾಗಬೇಕು. ನಿಯಮ ಇದಕ್ಕೆ ತದ್ವಿರುದ್ಧವಾಗಿ ಹಗುರವಾಗಿದೆ ಎಂಬುದೇ ನನ್ನ ಅಹವಾಲು.

ಬಂಡವಾಳ ಹೆಚ್ಚು ಕೇಳಿದರೆ ಚಿಕ್ಕ ವ್ಯಾಪಾರಿಗೆ ಸಾಲ ಸಿಗದಂತಾಗುತ್ತದೆ ಎಂದು ಆಡಳಿತ ಮಂಡಳಿಯವರು ಹೇಳುವುದನ್ನು ಎಷ್ಟೋ ಮಹಾಸಭೆಗಳಲ್ಲಿ ಕೇಳಿದ್ದೇನೆ. ಬಂಡವಾಳವೆಂದರೆ ಸಾಲ ಕೊಡದೆ ತಿಜೋರಿಯಲ್ಲಿ ಬೀಗ ಹಾಕಿಟ್ಟ ಹಣ ಎಂಬ ತಪ್ಪು ತಿಳಿವಳಿಕೆ ಇದರ ಬುಡದಲ್ಲಿದೆ. ನನ್ನ ವಿದ್ಯಾರ್ಥಿಗಳೂ ವರ್ಷ ವರ್ಷವೂ ಇದನ್ನು, ಠೇವಣಿಯ ಒಂದು ಭಾಗವನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕೆಂಬ ನಗದು ಮೀಸಲು ಅನುಪಾತದೊಂದಿಗೆ ಗೊಂದಲ ಮಾಡಿಕೊಳ್ಳುತ್ತಿದ್ದರು. ಬಂಡವಾಳದ ಹಣವನ್ನೂ ಸಾಲ ಕೊಡಬಹುದು. ಅದು ಠೇವಣಿದಾರನದ್ದಲ್ಲದೆ ಮಾಲೀಕನದ್ದಾಗಿರಬೇಕು ಎಂಬುದಷ್ಟೇ ಷರತ್ತು. ಎಲ್ಲರಿಗೂ ಏಕಾಏಕಿ ಪ್ರಮಾಣ ಏರಿಸಿದರೆ, ಅದೂ ಸಾಲ ಕೆಡುತ್ತಿರುವ ವರ್ಷದಲ್ಲಿ ಏರಿಸಿದರೆ, ಆ ಬ್ಯಾಂಕುಗಳು ಸಾಲ ಕುಗ್ಗಿಸಿ ಊರಿಗೆ ಪೆಟ್ಟು ಕೊಡುತ್ತವೆ ಎಂಬುದು ನಿಜ. ಆದ್ದರಿಂದಲೇ ಲಾಭ ಬರುವ ವರ್ಷದಲ್ಲಿ ಲಾಭಾಂಶ ಹಂಚುವ ಮೊದಲು ಕಟ್ಟಿಸಿ ಎನ್ನುತ್ತಿದ್ದೇನೆ. ಶೇ 10, ಶೇ 12 ಲಾಭಾಂಶ ಘೋಷಿಸಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆ ಹಣ ಮೀಸಲು ನಿಧಿಯಲ್ಲಿ ಉಳಿದಿದ್ದರೆ ಅದನ್ನು ಯಾರೂ ಅರ್ಜಿ ಕೊಟ್ಟು ಹಿಂಪಡೆಯುವಂತಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ಮೊದಲನೆಯದಾಗಿ, ಸಾಲಕ್ಕೆ ಜೋಡಿಸಿ ಮುರಿದುಕೊಂಡ ಷೇರು ಹಣವನ್ನು ಸಹಕಾರ ಬ್ಯಾಂಕುಗಳು ಪ್ರತ್ಯೇಕವಾಗಿ ತೋರಿಸುವಂತೆ ಮಾಡಿ. ಯಾವ ಸಾಲ ಎನ್‌ಪಿಎ (ಕಂತು ನಿಂತ ಸಾಲ) ಆಗುತ್ತದೆಯೋ ಆ ಸಾಲಗಾರನ ಷೇರನ್ನು ಅಂದಿನಿಂದಲೇ ಬಂಡವಾಳದ ಲೆಕ್ಕದಿಂದ ಕಳೆಯಿರಿ. ಷೇರು ಮರುಪಾವತಿ ಶೇ 9ರ ಗಡಿಯಲ್ಲಿ ಥಟ್ಟನೆ ನಿಲ್ಲುವ ಬದಲು, ಪ್ರಮಾಣ ಇಳಿಯುತ್ತಾ ಬಂದಂತೆ ಮೇಲಿನಿಂದಲೇ ಕ್ರಮೇಣ ಕಡಿಮೆಯಾಗಲಿ. ಆಗ ಒಳಗಿನ ಸುದ್ದಿ ತಿಳಿದವರು ಮೊದಲೇ ಹಣ ಪಡೆದು, ತಿಳಿಯದವರು ಸಿಕ್ಕಿಬೀಳುವುದು ತಪ್ಪುತ್ತದೆ.

ಎರಡನೆಯದು, ಮೊದಲ ಶ್ರೇಣಿಯ ಬ್ಯಾಂಕುಗಳಿಗೂ ಸಾಲ ವೇಗವಾಗಿ ಬೆಳೆಯುವ ವರ್ಷಗಳಲ್ಲಿ ಲಾಭದಿಂದಲೇ ಒಂದು ಸಣ್ಣ ಹೆಚ್ಚುವರಿ ಮೀಸಲು ಕಟ್ಟಿಸಿ, ಕಷ್ಟದ ವರ್ಷದಲ್ಲಿ ಅದನ್ನು ಬಳಸಲು ಬಿಡಿ. ವಾಣಿಜ್ಯ ಬ್ಯಾಂಕುಗಳ ವಿಷಯದಲ್ಲಿ ಬ್ರಿಟನ್ ಸಾಮಾನ್ಯ ಕಾಲದಲ್ಲೂ ಶೇ 2, ಆಸ್ಟ್ರೇಲಿಯಾ ಶೇ 1 ಮೀಸಲನ್ನು ಇಟ್ಟುಕೊಳ್ಳುವ ನಿರ್ಧಾರಕ್ಕೆ ಬಂದಿವೆ. ಅನುಪಾತ ಗಡಿ ದಾಟುವವರೆಗೆ ಕಾಯುವ ಬದಲು ಇಂಥದ್ದೊಂದು ಭಾರತಕ್ಕೆ ಹೊಂದುತ್ತದೆಯೇ ಎಂಬುದರ ಪರವಿರೋಧಗಳನ್ನು ಸಾರ್ವಜನಿಕ ಚರ್ಚೆಗೆ ಇಡಿ.

ಇನ್ನೊಂದು ಕೋರಿಕೆ ಸಂಶೋಧನೆಗೆ ಸಂಬಂಧಿಸಿದ್ದು. ವಾಣಿಜ್ಯ ಬ್ಯಾಂಕುಗಳ ಜಿಲ್ಲಾವಾರು ಠೇವಣಿ ಮತ್ತು ಸಾಲದ ಅಂಕಿಅಂಶಗಳನ್ನು ತಾವು ನಿಯಮಿತವಾಗಿ ಪ್ರಕಟಿಸುತ್ತೀರಿ. ಜಿಲ್ಲೆಗಳ ಉತ್ಪನ್ನದ ಅಂದಾಜನ್ನು ರಾಜ್ಯ ಸರ್ಕಾರ ಸಿದ್ಧಪಡಿಸುತ್ತದೆ. ಸಹಕಾರ ಬ್ಯಾಂಕುಗಳ ಜಿಲ್ಲಾವಾರು, ವಲಯವಾರು ಸಾಲವನ್ನೂ ಅವುಗಳ ಜೊತೆಗಿಟ್ಟರೆ ಯಾವ ಜಿಲ್ಲೆಯಲ್ಲಿ ಸಾಲ ಉತ್ಪನ್ನವನ್ನು ಮೀರಿ ಓಡುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಈ ಅಂಕಿಗಳನ್ನು ಬ್ಯಾಂಕುಗಳ ಹೆಸರು ಮರೆಸಿಯಾದರೂ ಧಾರವಾಡ, ಮೈಸೂರು, ಮಂಗಳೂರಿನಂಥ ಕಡೆಯ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳಿಗೆ ಒದಗಿಸಿ. ದೇಶದ ಮೊದಲ ಸಹಕಾರ ಸಂಘಗಳಲ್ಲೊಂದು 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಹುಟ್ಟಿದ ನಾಡಿದು. ಇಲ್ಲಿ ಈ ವಿಷಯವನ್ನು ಶ್ರದ್ಧೆಯಿಂದ ಅಧ್ಯಯನ ಮಾಡುವ ತರುಣರಿಗೆ ಕೊರತೆಯಿಲ್ಲ, ಅಂಕಿಗಳ ಕೊರತೆಯಿದೆ.

ಕೊನೆಯದಾಗಿ, ಪ್ರತಿ ಸಹಕಾರ ಬ್ಯಾಂಕಿನ ಪ್ರತಿ ಶಾಖೆಯ ಕೌಂಟರಿನ ಬಳಿ, ಬಡ್ಡಿದರದ ಫಲಕದ ಪಕ್ಕದಲ್ಲೇ, ಆ ಬ್ಯಾಂಕಿನ ಬಂಡವಾಳ ಪ್ರಮಾಣವನ್ನು ಕನ್ನಡದಲ್ಲಿ ಬರೆದು ಹಾಕಿಸಿ. ಬ್ಯಾಂಕು ತಾನೇ ಹಾಕಿದ ಲೆಕ್ಕ ಒಂದು ಸಾಲಿನಲ್ಲಿ, ತಮ್ಮ ತಪಾಸಣಾಧಿಕಾರಿಗಳು ಕಂಡುಕೊಂಡ ಲೆಕ್ಕ ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಅದರ ಕಾರಣವನ್ನು ಮಹಾಸಭೆಯಲ್ಲಿ ಓದಿ ಹೇಳುವುದು ಕಡ್ಡಾಯವಾಗಲಿ. ತಪಾಸಣಾ ವರದಿಗಳ ಮಾಹಿತಿ ಜನರಿಗೆ ಸಿಗಬೇಕೆಂದು 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸತ್ಯ ತಿಳಿದರೆ ಜನ ಗಾಬರಿಯಾಗಿ ಹಣ ತೆಗೆಯುತ್ತಾರೆ ಎಂಬ ಅಂಜಿಕೆ ಇರುವುದು ಸಹಜ. ಆದರೆ ಶೇ 12ರಿಂದ 11ಕ್ಕೆ ಇಳಿದದ್ದನ್ನು ಆಗಲೇ ತಿಳಿದ ಸದಸ್ಯ ಮಹಾಸಭೆಯಲ್ಲಿ ಎದ್ದು ನಿಂತು ಕೇಳುತ್ತಾನೆ. ಎಲ್ಲ ಮುಗಿದ ಮೇಲೆ ತಿಳಿದವನು ಷಟರ್ ಮುಂದೆ ನಿಲ್ಲುತ್ತಾನೆ.

ನಿವೃತ್ತ ನರ್ಸ್ ಅವರು ಈಗಲೂ ತಿಂಗಳಿಗೊಮ್ಮೆ ಆ ಕವರನ್ನು ಹಿಡಿದು ನಮ್ಮ ಮನೆಗೆ ಬರುತ್ತಾರೆ, ಹೊಸ ಆದೇಶವೇನಾದರೂ ಬಂದಿದೆಯೇ ಎಂದು ಕೇಳುತ್ತಾರೆ. ತಮ್ಮ ಕಚೇರಿಯಿಂದ ಈ ಪತ್ರಕ್ಕೆ ಉತ್ತರ ಬಂದರೆ ಅದನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪಟ್ಟಣ ಸಹಕಾರ ಬ್ಯಾಂಕೊಂದರ ಸದಸ್ಯ ಹಾಗೂ ನಿವೃತ್ತ ಉಪನ್ಯಾಸಕ